ಎಂಟು ಸಾವಿರದ ಎಂಬತ್ತನೇ ಬಂದರು

ಬೈತಖೋಲದ ಐಸ್ ಫ್ಯಾಕ್ಟರಿಯ ಲೆಕ್ಕದ ಕೋಣೆ.
ಜುಲೈ ಮುಗಿಯಲು ಇನ್ನು ಮೂರು ರಾತ್ರಿ.
ಗೋಡೆಯಾಚೆ ಕಂಪ್ರೆಸರ್ ಒಂದೇ ಸಮ ಗೊಣಗುತ್ತಿದೆ,
ಅಮೋನಿಯದ ಸಣ್ಣ ಘಾಟು ನನ್ನ ಚಹಾದಲ್ಲೂ.

ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದು
ಎಂಟರ್ ಒತ್ತಿದೆ.
ಅಷ್ಟೇ. ಪೂಜೆಯಿಲ್ಲ, ರಿಬ್ಬನ್ನಿಲ್ಲ,
ಒಂದು ಸರ್ವರ್ ಹುಟ್ಟಿ ಕಣ್ಣು ಬಿಟ್ಟು ಕೂತಿತು
ಈ ಹಳೇ ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ.
ಕಿವಿಗೊಟ್ಟಿದ್ದೇನೆ, ಎಂದಿತು,
೮೦೮೦ರಲ್ಲಿ.

ಬಾಗಿಲು ತಟ್ಟುವವಳು ನಾನು,
ಯಾರು ಎನ್ನುವವಳೂ ನಾನು.
ನನ್ನ ಮನೆಗೆ ನಾನೇ ನೆಂಟಳಾಗಿ ಹೋಗಿ
ಚಹಾಕ್ಕೆ ಸಕ್ಕರೆ ಬಿದ್ದಿದೆಯೇ ಎಂದು ಕುಡಿದು ನೋಡುವ ಕೆಲಸ.
ತಟ್ಟಿದಷ್ಟು ಸಲ ಒಂದೊಂದು ಸಾಲು ಬೀಳುತ್ತದೆ:
ಗಳಿಗೆ, ಕೇಳಿದ ಪುಟ, ಕೊಟ್ಟ ಉತ್ತರ.
ಇನ್ನೂರು ಅಂದರೆ ಸಿಕ್ಕಿತು.
ನಾನೂರ ನಾಲ್ಕು ಅಂದರೆ, ಇಲ್ಲ, ಅಂಥದ್ದು ಇಲ್ಲೇ ಇಲ್ಲ.

ಬ್ರೌಸರಿಗೊಂದು ಚಟ.
ನಾನಿಡದ ಒಂದು ಪುಟಾಣಿ ಚಿತ್ರವನ್ನು
ಬಂದಾಗಲೆಲ್ಲ ಕೇಳುತ್ತದೆ.
ಇಲ್ಲ ಅನ್ನುತ್ತದೆ ಸರ್ವರ್,
ಹನ್ನೊಂದನೇ ಸಲವೂ
ಮೊದಲ ಸಲದ ಅದೇ ದನಿಯಲ್ಲಿ.
ನನಗೆ ಅಷ್ಟು ತಾಳ್ಮೆಯಿದ್ದಿದ್ದರೆ
ಈ ಕೌಂಟರಿನಲ್ಲಿ ಇಷ್ಟು ಜಗಳವಾಗುತ್ತಿರಲಿಲ್ಲ.

ಒಂಬತ್ತೂವರೆಗೆ ಪುರ್ಸು ತಾಂಡೇಲ ಬಂದ,
ಕೊಡೆ ಜಾಡಿಸಿ, ಡೀಸೆಲ್ ಕೈ ಪಂಚೆಗೆ ಒರೆಸುತ್ತ.
"ಎಂತ ಮಾಡ್ತಿದ್ದೀಯೆ ಶೆವಂತಿ, ಇನ್ನೂ ಲೈಟು?"
ಬೋಟಿನವರು ಫೋನಲ್ಲೇ ಐಸ್ ಬುಕ್ ಮಾಡುವ ಪುಟ, ಎಂದೆ.
ಎಲ್ಲಿದೆ? ಇಲ್ಲೇ. ಪೋರ್ಟ್ ಎಂಟು ಸಾವಿರದ ಎಂಬತ್ತು.
"ಪೋರ್ಟ್ ಅಂದ್ರೆ ಬಂದರೇ?"
ಹೌದೆಂದೆ.
"ಅಷ್ಟೆಲ್ಲ ಬಂದರು ಇಟ್ಟುಕೊಂಡು
ನಮಗೆ ಇಲ್ಲಿ ಬೋಟು ಕಟ್ಟಲು ಜಾಗ ಇಲ್ಲ."

ಅವನ ಫೋನನ್ನು ನನ್ನ ವೈಫೈಗೆ ಸೇರಿಸಿದೆ.
ಕಪ್ಪು ಕಿಟಕಿಯಲ್ಲಿ ಮೊದಲ ಬಾರಿ
ನನ್ನದಲ್ಲದ ವಿಳಾಸ,
ಕೊನೆಯಲ್ಲಿ ಹದಿನೇಳು.
ಆ ಹದಿನೇಳನ್ನು ಸುಮ್ಮನೆ ನೋಡುತ್ತ ಕೂತೆ.
ಮೂರು ವಾರ ನಾನೇ ಕೇಳಿ ನಾನೇ ಹೇಳಿದ ಕೋಣೆಗೆ
ಹೊರಗೆ ಚಪ್ಪಲಿ ಬಿಟ್ಟು ಯಾರೋ ಬಂದಂತೆ.

ಹೆಸರು ಬರೆದ. ಬೋಟು: ಜಲಸಖಿ. ಎಷ್ಟು ಬ್ಲಾಕು?
ಹೆಬ್ಬೆರಳಲ್ಲಿ ನಿಧಾನ ಒತ್ತಿದ: ಹದಿನೆಂಟೂವರೆ.
ಅಕ್ಷರದಲ್ಲಿ.
ಐನೂರು, ಎಂದಿತು ಸರ್ವರ್.
"ಐನೂರಾ? ಅಷ್ಟು ಐಸು ತುಂಬಿದ್ರೆ ಬೋಟು ಮುಳುಗ್ತದೆ."

ನಗು ನುಂಗಿ, ಎಡವಿದ ಸಾಲು ಹುಡುಕಿದೆ.
ನಾನು ಅಂಕಿಗಾಗಿ ಕಾದಿದ್ದೆ, ಇಡಿಯಾದ ಅಂಕಿಗೆ;
ಒಡೆದ ಬ್ಲಾಕು ತಲೆಗೇ ಬಂದಿರಲಿಲ್ಲ,
ದಿನವೂ ಕ್ರಷರಿನ ಪಕ್ಕದಲ್ಲಿ ಕೂತು
ಅರ್ಧರ್ಧ ಹೊರುವ ಹುಡುಗರ ಲೆಕ್ಕ ಬರೆದೂ.

ಹತ್ತು ಸಲ ಸರ್ವರ್ ಕೊಂದೆ, ಹತ್ತು ಸಲ ಎಬ್ಬಿಸಿದೆ.
ಒಮ್ಮೆ ಅದು ಏಳಲೊಲ್ಲದು: ಜಾಗ ಖಾಲಿಯಿಲ್ಲವಂತೆ,
ಹಿಂದಿನ ಸಲದ್ದು ಎಲ್ಲೋ ಸಾಯದೆ ಲಂಗರು ಹಾಕಿ ಕೂತಿದೆ.
"ಇಲ್ಲೂ ಅದೇ ಗಲಾಟೆ" ಎಂದ ಪುರ್ಸು, ತೃಪ್ತಿಯಿಂದ.

"ಇದನ್ನ ಈಗ ಊರೆಲ್ಲ ನೋಡ್ತದಾ?"
ಇಲ್ಲ. ಈ ಕೋಣೆಯಾಚೆ ಇದರ ಸುದ್ದಿಯೇ ಇಲ್ಲ.
ಅವನು ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿದ.
ಕೆಳಗೆ ಜೆಟ್ಟಿಯಲ್ಲಿ, ಹಗ್ಗ ಬಿಚ್ಚದೆಯೇ,
ಜಲಸಖಿಯ ಎಂಜಿನ್ ಓಡುತ್ತಿತ್ತು.
ಅವನ ತಮ್ಮ ಟಾರ್ಚು ಹಿಡಿದು ಹೊಗೆಯ ಬಣ್ಣ ನೋಡುತ್ತಿದ್ದ.
ಬೋಟು ಮುಂದಕ್ಕೆ ತುಯ್ಯುವುದು, ಹಗ್ಗ ಬಿಗಿಯುವುದು,
ಹಿಂದೆ ನೀರು ಬೆಳ್ಳಗೆ ಕುದಿಯುವುದು,
ಒಂದು ಮಾರೂ ಸಾಗದೆ.
"ಎರಡು ತಿಂಗಳು ಮಲಗಿದ್ದು.
ಕೂರ್ಮಗಡ ದಾಟಿ ಕೆಟ್ಟರೆ ಯಾರನ್ನ ಕರೀಲಿ?
ಕೆಡೋದಿದ್ರೆ ಇಲ್ಲೇ ಕೆಡಲಿ."

ಹದಿನೆಂಟೂವರೆ ಮತ್ತೆ ಬರೆದ, ಅಕ್ಷರದಲ್ಲೇ.
ಇನ್ನೂರು.
"ಈಗ ಇನ್ನೂರಾ?" ಎಂದು ಶುರುಮಾಡಿದವನ ಕೈಗೆ
ಚಹಾದ ಲೋಟ ಕೊಟ್ಟೆ.

ಅವನು ಹೋದ ಮೇಲೆ ಕಂಟ್ರೋಲ್ ಸಿ ಒತ್ತಿದೆ.
ಹುಟ್ಟಿದಷ್ಟೇ ಸಲೀಸಾಗಿ ಆರಿತು.
ಕೊಟ್ಟ ಉತ್ತರಗಳು ಪರದೆಯ ಮೇಲೇ ಉಳಿದವು;
ಮೇಲಕ್ಕೆ ಸರಿಸಿ
ಹದಿನೇಳನ್ನು ಇನ್ನೊಮ್ಮೆ ಹುಡುಕಿದೆ.
ಕೆಳಗೆ ಎಂಜಿನ್ ಇನ್ನೂ ನಿಂತಿರಲಿಲ್ಲ.
ಹೊಗೆ ಕಪ್ಪೋ ಬಿಳಿಯೋ,
ಇಲ್ಲಿಂದ ಕಾಣುತ್ತಿರಲಿಲ್ಲ.